ಗೋಡೆಯ ಮೇಲಿನ ಗಾಯಾಳುಗಳು

ಗೋಡೆಗೆ ಚಿತ್ರ ತೂಗುಹಾಕುವ ವಾಡಿಕೆ ನಮಗೆ ಹೊಸದಲ್ಲ. ದೇವರ ಪಟಕ್ಕೆ ಒಂದು ಜಾಗ, ತೀರಿಕೊಂಡ ಹಿರಿಯರ ಭಾವಚಿತ್ರಕ್ಕೆ ಒಂದು ಜಾಗ, ಮದುವೆಯ ಗುಂಪುಚಿತ್ರಕ್ಕೆ ಇನ್ನೊಂದು ಜಾಗ. ಯಾವುದು ಏಕೆ ಅಲ್ಲಿದೆ ಎಂಬುದನ್ನು ಮನೆಯ ಸಣ್ಣ ಮಗುವೂ ಹೇಳಬಲ್ಲದು. ಈಚಿನ ವರ್ಷಗಳಲ್ಲಿ ಗೋಡೆಯ ಅಲಂಕಾರಕ್ಕೆ ಮತ್ತೊಂದು ವಸ್ತು ಬಂದು ಸೇರಿದೆ. ಅದು ಲೋಹದ ತಗಡಿನ ಮೇಲೆ ಮೂಡಿಸಿದ ಛಾಯಾಚಿತ್ರ. ಮೊದಲು ಚಿತ್ರವನ್ನು ವಿಶೇಷ ಬಣ್ಣಗಳಲ್ಲಿ ಒಂದು ಕಾಗದದ ಮೇಲೆ ಅಚ್ಚು ಮಾಡುತ್ತಾರೆ. ಆ ಕಾಗದವನ್ನು ಲೇಪನವಿರುವ ಅಲ್ಯೂಮಿನಿಯಂ ತಗಡಿನ ಮೇಲಿಟ್ಟು, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತುತ್ತಾರೆ. ಬಣ್ಣವು ಆವಿಯಾಗಿ ಲೇಪನದೊಳಕ್ಕೆ ಇಳಿದು ಅಲ್ಲಿಯೇ ನೆಲೆಯಾಗುತ್ತದೆ. ಇದಕ್ಕೆ ಗಾಜು ಬೇಡ, ಚೌಕಟ್ಟು ಬೇಡ. ಧೂಳು ಕೂತರೆ ಬಟ್ಟೆಯಿಂದ ಒರೆಸಿದರಾಯಿತು.

ಹೂವು, ಕಡಲು, ಹಿಮದ ಬೆಟ್ಟ ಇವೆಲ್ಲ ಇಂಥ ತಗಡುಗಳ ಮೇಲೆ ಬರುವುದು ಸಹಜ. ಆದರೆ ಇವುಗಳ ನಡುವೆ ಹಳೆಯ ಯುದ್ಧಗಳ ಚಿತ್ರಗಳೂ, ಯುದ್ಧಕಾಲದ ಆಸ್ಪತ್ರೆಗಳ ಚಿತ್ರಗಳೂ ಸೇರಿಕೊಂಡಿವೆ. ಅಮೆರಿಕದ ಅಂತರ್ಯುದ್ಧದ ಕಾಲದ ಅಂಥ ಛಾಯಾಚಿತ್ರಗಳು ಈಗ ಸಾರ್ವಜನಿಕ ಸ್ವತ್ತು. ಯಾರು ಬೇಕಾದರೂ ಅವುಗಳ ಪ್ರತಿಯನ್ನು ಪಡೆದು, ತಮಗೆ ಬೇಕಾದ ಅಳತೆಯ ತಗಡಿನ ಮೇಲೆ ಮೂಡಿಸಿ ಗೋಡೆಗೆ ಏರಿಸಬಹುದು. ನೋವು ತಿನ್ನುತ್ತಿರುವ ಮನುಷ್ಯರ ಚಿತ್ರವೊಂದು ಹೀಗೆ ಅಲಂಕಾರದ ವಸ್ತುವಾದಾಗ ಅದರಲ್ಲಿ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎಂಬುದು ವಿಚಾರಿಸತಕ್ಕ ಸಂಗತಿ. ಬರಿಯ ತತ್ತ್ವವಾಗಿ ಇದನ್ನು ಚರ್ಚಿಸುವುದಕ್ಕಿಂತ, ಒಂದೇ ಒಂದು ಚಿತ್ರವನ್ನು ಎದುರಿಗಿಟ್ಟುಕೊಂಡು ಅದರ ಚರಿತ್ರೆಯನ್ನು ಕೇಳುವುದು ಮೇಲು.

ಆ ಚಿತ್ರವನ್ನು ತೆಗೆದವನು ಜೇಮ್ಸ್ ಗಿಬ್ಸನ್. ಕಾಲ 1862ರ ಜೂನ್ ತಿಂಗಳ ಕೊನೆ. ಸ್ಥಳ ವರ್ಜೀನಿಯಾ ರಾಜ್ಯದ ಸ್ಯಾವೇಜ್ ಸ್ಟೇಷನ್. ಹೆಸರು ಸ್ಟೇಷನ್ ಎಂದಿದ್ದರೂ ಅದು ದೊಡ್ಡ ಊರೇನೂ ಅಲ್ಲ. ರಿಚ್ಮಂಡ್ ನಗರದ ಪೂರ್ವಕ್ಕೆ, ರೈಲುಹಾದಿಯ ಪಕ್ಕದಲ್ಲಿದ್ದ ಒಂದು ಜಮೀನು ಮತ್ತು ಮನೆ. ಚಿತ್ರದಲ್ಲಿ ಮರದ ಕಟ್ಟಡ ಕಾಣುತ್ತದೆ, ಗಿಡಮರಗಳು ಕಾಣುತ್ತವೆ. ಅಂಗಳದ ತುಂಬ ಸೈನಿಕರು. ಕೆಲವರು ಕುಳಿತಿದ್ದಾರೆ, ಬಹುಮಂದಿ ನೆಲದ ಮೇಲೆಯೇ ಮಲಗಿದ್ದಾರೆ. ಹಾಸಿಗೆಯಿಲ್ಲ, ಮಂಚವಿಲ್ಲ. ಮುಂದುಗಡೆ ಒಬ್ಬಾತ ಗಾಯಗೊಂಡವನೊಬ್ಬನ ಮೇಲೆ ಬಾಗಿ ಉಪಚಾರದಲ್ಲಿ ತೊಡಗಿದ್ದಾನೆ. ಅಲ್ಲಲ್ಲಿ ಬಿಳಿಯ ಹುಲ್ಲಿನ ಟೋಪಿಗಳು ಕಣ್ಣಿಗೆ ಬೀಳುತ್ತವೆ. ರಕ್ತ ಎದ್ದುಕಾಣುವುದಿಲ್ಲ, ಗಾಯದ ಬಾಯಿ ತೋರುವುದಿಲ್ಲ. ದೂರದಿಂದ ನೋಡಿದವರಿಗೆ ಬೇಸಗೆಯ ಮಧ್ಯಾಹ್ನ ಮರದ ನೆರಳಿನಲ್ಲಿ ದಣಿವಾರಿಸಿಕೊಳ್ಳುತ್ತಿರುವ ಜಾತ್ರೆಯ ಜನರಂತೆ ಕಂಡರೂ ಆಶ್ಚರ್ಯವಿಲ್ಲ. ಗೋಡೆಗೆ ಈ ಚಿತ್ರ ಒಗ್ಗುವುದು ಬಹುಶಃ ಈ ಕಾರಣಕ್ಕೇ.

ಈ ನಿಶ್ಚಲತೆಗೆ ಒಂದು ತಾಂತ್ರಿಕ ಕಾರಣವಿದೆ. ಆ ಕಾಲದ ಕ್ಯಾಮರಾ ಓಡುವವನನ್ನು ಹಿಡಿಯಲಾರದು. ಗಾಜಿನ ಫಲಕದ ಮೇಲೆ ಬೆಳಕು ಕೆಲವು ಸೆಕೆಂಡುಗಳ ಕಾಲ ಬೀಳಬೇಕಾಗಿತ್ತು; ಅಷ್ಟರಲ್ಲಿ ಅಲುಗಾಡಿದವರು ಮಸುಕಾಗುತ್ತಿದ್ದರು. ಆದುದರಿಂದ ಅಂತರ್ಯುದ್ಧದ ಛಾಯಾಚಿತ್ರಗಳಲ್ಲಿ ಕಾದಾಟ ಕಾಣಸಿಗುವುದಿಲ್ಲ. ಕಾಣಸಿಗುವವರು ಅಲುಗಾಡದೆ ಇರಬಲ್ಲವರು: ಭಂಗಿಯಲ್ಲಿ ನಿಂತ ಅಧಿಕಾರಿಗಳು, ಮಲಗಿದ ಗಾಯಾಳುಗಳು ಮತ್ತು ಸತ್ತವರು.

ಆ ಗಾಜಿನ ಫಲಕಕ್ಕೆ ಬಳಿಯುತ್ತಿದ್ದ ದ್ರವದ ಕಥೆ ಇನ್ನೂ ಅರ್ಥಪೂರ್ಣವಾದುದು. ಅದರ ಹೆಸರು ಕೊಲೋಡಿಯನ್. 1846ರಲ್ಲಿ ಶೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞನು ಹತ್ತಿಯನ್ನು ಆಮ್ಲಗಳಿಂದ ಸಂಸ್ಕರಿಸಿ ಸಿಡಿಯುವ ವಸ್ತುವನ್ನಾಗಿ ಮಾಡಬಹುದೆಂದು ಪ್ರಕಟಿಸಿದನು. ತೋಪು ಬಂದೂಕುಗಳಿಗೆಂದು ಹುಟ್ಟಿದ ಹತ್ತಿ ಅದು. ಅದೇ 1846ರಲ್ಲಿ, ಬಾಸ್ಟನ್ ನಗರದ ಆಸ್ಪತ್ರೆಯಲ್ಲಿ ಈಥರ್ ದ್ರವದ ಆವಿಯಿಂದ ರೋಗಿಯ ಅರಿವು ತಪ್ಪಿಸಿ, ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದರು. ಸಿಡಿಯುವ ಹತ್ತಿಯ ಒಂದು ಬಗೆಯನ್ನು ಈ ಈಥರ್ ಮತ್ತು ಮದ್ಯಸಾರದಲ್ಲಿ ಕರಗಿಸಿದರೆ ಅಂಟಾದ ದ್ರವ ದೊರೆಯುತ್ತದೆ. ಆರಿದಾಗ ತೆಳುವಾದ ಪೊರೆಯಾಗಿ ನಿಲ್ಲುತ್ತದೆ. ಇದೇ ಕೊಲೋಡಿಯನ್. ಬಾಸ್ಟನ್ನಿನ ಮೇನಾರ್ಡ್ ಎಂಬ ವೈದ್ಯನು ಇದನ್ನು ಗಾಯಗಳನ್ನು ಮುಚ್ಚುವ ಲೇಪವಾಗಿ ಬಳಕೆಗೆ ತಂದನು. ಅನಂತರ 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್, ಇದೇ ದ್ರವವನ್ನು ಗಾಜಿಗೆ ಬಳಿದು, ಬೆಳ್ಳಿಯ ಲವಣದಲ್ಲಿ ಅದ್ದಿ, ಒದ್ದೆಯಿರುವಾಗಲೇ ಚಿತ್ರ ತೆಗೆಯುವ ವಿಧಾನವನ್ನು ಪ್ರಕಟಿಸಿದನು.

ಕೊಲ್ಲುವ ಹತ್ತಿ, ನೋವು ಮರೆಸುವ ಈಥರ್, ಗಾಯ ಮುಚ್ಚುವ ಪೊರೆ ಮೂರೂ ಒಂದೇ ಸೀಸೆಯಲ್ಲಿದ್ದುವು. ಗಿಬ್ಸನ್ ತನ್ನ ಕತ್ತಲೆಯ ಗಾಡಿಯಲ್ಲಿ ಬೆರಳಿಗೆ ಅಂಟಿಸಿಕೊಳ್ಳುತ್ತಿದ್ದ ದ್ರವವೂ, ಅಂಗಳದಲ್ಲಿ ವೈದ್ಯರು ಬಳಸುತ್ತಿದ್ದ ಔಷಧಗಳೂ ಒಂದೇ ಸಂಸಾರದ ವಸ್ತುಗಳು. ಛಾಯಾಚಿತ್ರಕಲೆ ಯುದ್ಧವನ್ನು ಹೊರಗೆ ನಿಂತು ನೋಡಿತೆಂದು ನಾವು ಭಾವಿಸುತ್ತೇವೆ. ಅದರ ಮೂಲದ್ರವ್ಯದಲ್ಲಿಯೇ ಯುದ್ಧವೂ ವೈದ್ಯವೂ ಬೆರೆತಿದ್ದುವು.

ಇನ್ನು ಆ ಅಂಗಳಕ್ಕೆ ಅಷ್ಟು ಜನ ಬಂದುದು ಹೇಗೆ? 1862ರ ವಸಂತದಲ್ಲಿ ಉತ್ತರದ ಸೇನಾಪತಿ ಮೆಕ್ಲೆಲನ್ ಒಂದು ಲಕ್ಷದಷ್ಟು ಸೈನ್ಯದೊಡನೆ ದಕ್ಷಿಣದ ರಾಜಧಾನಿ ರಿಚ್ಮಂಡನ್ನು ಹಿಡಿಯಲು ಹೊರಟಿದ್ದನು. ನಗರದ ಹೊರವಲಯದವರೆಗೂ ಬಂದುದಾಯಿತು. ಜೂನ್ 25ರಿಂದ ಜುಲೈ 1ರವರೆಗೆ ದಕ್ಷಿಣದ ರಾಬರ್ಟ್ ಲೀ ಅವನನ್ನು ಹಿಮ್ಮೆಟ್ಟಿಸಿದ ಸಮರಕ್ಕೆ ಏಳು ದಿನಗಳ ಕದನವೆಂದೇ ಹೆಸರು. ಇದರಲ್ಲಿ ಜೂನ್ 27ರಂದು ಗೇನ್ಸ್ ಮಿಲ್ ಎಂಬಲ್ಲಿ ನಡೆದ ಯುದ್ಧವೊಂದರಲ್ಲೇ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸುಮಾರು 15,000 ಮಂದಿ. ಉತ್ತರದ ಗಾಯಾಳುಗಳನ್ನು ಸಾಗಿಸಿ ತಂದುದು ಸ್ಯಾವೇಜ್ ಸ್ಟೇಷನ್ನಿನ ಅಂಗಳಕ್ಕೆ.

ಹುಲ್ಲಿನ ಟೋಪಿಗಳ ಗುಟ್ಟೂ ಇಲ್ಲಿಯೇ ತಿಳಿಯುತ್ತದೆ. ಅವು 16ನೆಯ ನ್ಯೂಯಾರ್ಕ್ ಕಾಲಾಳು ರೆಜಿಮೆಂಟಿನ ಗುರುತು. ಬಿಸಿಲಿಗೆ ತಂಪಾಗಿರಲೆಂದು ಆ ದಂಡಿನ ಕರ್ನಲ್ ಜೋಸೆಫ್ ಹೌಲೆಂಡನ ಪತ್ನಿ ಎಲೈಜಾ ಹೌಲೆಂಡ್ ಅವನ್ನು ಉಡುಗೊರೆಯಾಗಿ ಕೊಡಿಸಿದ್ದಳು. ಆಕೆ ಮನೆಯಲ್ಲಿ ಕುಳಿತ ಗೃಹಿಣಿಯಲ್ಲ. ಗಾಯಾಳುಗಳನ್ನು ಸಾಗಿಸುವ ಆಸ್ಪತ್ರೆ ಹಡಗುಗಳಲ್ಲಿ ಶುಶ್ರೂಷೆಗೆ ನಿಂತವಳು. ಜೂನ್ 27ರಂದು ಕರ್ನಲ್ ಸ್ವತಃ ಗಾಯಗೊಂಡನು. ಅವನ ರೆಜಿಮೆಂಟಿನಲ್ಲಿ ಬಿದ್ದವರ ಸಂಖ್ಯೆ ಇನ್ನೂರನ್ನು ಮೀರಿತು. ಪ್ರೀತಿಯಿಂದ ಕೊಟ್ಟ ಟೋಪಿ ರಣಾಂಗಣದಲ್ಲಿ ದೂರಕ್ಕೆ ಎದ್ದುಕಾಣುವ ಬಿಳಿಯ ಗುರಿಯೂ ಆಗಿತ್ತು. ತಗಡಿನ ಮೇಲೆ ಅವು ಇಂದು ಚೆಲುವಾಗಿ ಹೊಳೆಯುತ್ತವೆ.

ಚಿತ್ರ ತೆಗೆದ ಮೇಲೆ ನಡೆದುದನ್ನು ಚಿತ್ರ ಹೇಳಲಾರದು. ಜೂನ್ 29ರಂದು ಅದೇ ನಿಲ್ದಾಣದ ಬಳಿ ಮತ್ತೆ ಕಾದಾಟವಾಯಿತು. ಸೈನ್ಯ ಜೇಮ್ಸ್ ನದಿಯ ಕಡೆಗೆ ಹಿಂದೆಗೆಯಲು ನಿಶ್ಚಯಿಸಿತ್ತು. ಹೊತ್ತೊಯ್ಯಲಾಗದ ಆಹಾರದ ರಾಶಿಗಳಿಗೆ ಬೆಂಕಿಯಿಟ್ಟರು. ಮದ್ದುಗುಂಡು ತುಂಬಿದ ರೈಲುಬಂಡಿಗಳಿಗೆ ಬೆಂಕಿ ಹಚ್ಚಿ ಚಿಕಹಾಮಿನಿ ಹೊಳೆಯ ಕಡೆಗೆ ಓಡಿಸಿ ಹಾಳುಮಾಡಿದರು. ಶತ್ರುವಿನ ಕೈಗೆ ಸಿಗಬಾರದೆಂದು ಸರಕಿಗೆ ಇಷ್ಟು ಎಚ್ಚರ ವಹಿಸಿದ ಸೈನ್ಯ, ಆ ರಾತ್ರಿ ಸುಮಾರು 2,500 ಗಾಯಾಳುಗಳನ್ನೂ ರೋಗಿಗಳನ್ನೂ ಅಂಗಳದಲ್ಲಿಯೇ ಬಿಟ್ಟು ಹೊರಟುಹೋಯಿತು. ಅವರನ್ನು ಹೊತ್ತೊಯ್ಯಲು ಬಂಡಿಗಳಿರಲಿಲ್ಲ. ನಡೆಯಬಲ್ಲವರು ಕುಂಟುತ್ತ ಹಿಂಬಾಲಿಸಿದರು. ನಡೆಯಲಾರದವರು ಮಾರನೆಯ ಬೆಳಗ್ಗೆ ಶತ್ರುವಿನ ವಶವಾದರು. ಅವರೊಡನೆ ಕೆಲವು ಶಸ್ತ್ರವೈದ್ಯರೂ ಪರಿಚಾರಕರೂ ತಾವಾಗಿ ಉಳಿದು ಸೆರೆಯಾದರು. ಗಾಯಾಳುವಿನೊಡನೆ ಉಳಿದ ವೈದ್ಯನನ್ನು ಸೆರೆಯಾಳಾಗಿ ಕಾಣಬಾರದೆಂಬ ಅಂತರರಾಷ್ಟ್ರೀಯ ಒಪ್ಪಂದ ಆಗಿನ್ನೂ ಹುಟ್ಟಿರಲಿಲ್ಲ. ಜಿನೀವಾದಲ್ಲಿ ಅದಕ್ಕೆ ಸಹಿ ಬಿದ್ದುದು 1864ರ ಆಗಸ್ಟಿನಲ್ಲಿ.

ಎಂದರೆ, ನಾವು ಗೋಡೆಯ ಮೇಲೆ ನೋಡುವುದು ವಿಶ್ರಾಂತಿಯ ದೃಶ್ಯವಲ್ಲ. ಇನ್ನೊಂದು ದಿನ, ಹೆಚ್ಚೆಂದರೆ ಎರಡು ದಿನ ಕಳೆಯುವುದರೊಳಗೆ ತಮ್ಮವರೇ ತಮ್ಮನ್ನು ಬಿಟ್ಟುಹೋಗುವರೆಂಬುದನ್ನು ಅರಿಯದ ಜನರ ಚಿತ್ರ ಅದು. ಇಷ್ಟನ್ನು ತಿಳಿದ ಮೇಲೆ ಅದೇ ಚಿತ್ರ ಬೇರೆಯಾಗಿ ಕಾಣುತ್ತದೆ.

ಬಂಡಿಗಳಿರಲಿಲ್ಲ ಎಂದೆ. ಅದಕ್ಕೂ ಕಾರಣವಿತ್ತು. ಗಾಯಾಳುಗಳನ್ನು ಸಾಗಿಸುವ ಗಾಡಿಗಳು ವೈದ್ಯರ ಅಧೀನದಲ್ಲಿರದೆ ಸರಬರಾಜು ಇಲಾಖೆಯ ಅಧೀನದಲ್ಲಿದ್ದುವು. ಗಾಡಿ ಹೊಡೆಯುವವರಿಗೆ ತರಬೇತಿಯಿರಲಿಲ್ಲ; ಗುಂಡಿನ ಸದ್ದಿಗೆ ಓಡಿಹೋಗುವವರೂ ಇದ್ದರು. ಆ ವರ್ಷದ ಜುಲೈ ಆರಂಭದಲ್ಲಿ ಸೈನ್ಯದ ವೈದ್ಯಾಧಿಕಾರಿಯಾಗಿ ಬಂದ ಜೊನಾಥನ್ ಲೆಟರ್ಮನ್ ಈ ಏರ್ಪಾಟನ್ನು ಬುಡಮೇಲು ಮಾಡಿದನು. 1862ರ ಆಗಸ್ಟ್ 2ರಂದು ಹೊರಟ ಆಜ್ಞೆಯ ಮೇರೆಗೆ ಪ್ರತ್ಯೇಕವಾದ ಆಂಬ್ಯುಲೆನ್ಸ್ ದಳ ರಚಿತವಾಯಿತು. ಅದಕ್ಕೆ ಅದರದೇ ಜನ, ಅದರದೇ ಅಭ್ಯಾಸ. ಆ ಗಾಡಿಗಳಲ್ಲಿ ಗಾಯಾಳುಗಳನ್ನು ಬಿಟ್ಟರೆ ಬೇರೆ ಹೊರೆಯನ್ನು ಹೇರುವಂತಿಲ್ಲ. ಸೆಪ್ಟೆಂಬರ್ 17ರ ಆಂಟೀಟಮ್ ಯುದ್ಧದಲ್ಲಿ ಈ ಹೊಸ ಏರ್ಪಾಟು ತನ್ನ ಬೆಲೆಯನ್ನು ತೋರಿಸಿತು.

ಆದರೂ ಇದು ಒಂದು ಸೈನ್ಯದ ಏರ್ಪಾಟಾಗಿತ್ತೇ ಹೊರತು ದೇಶದ ಕಾನೂನಾಗಿರಲಿಲ್ಲ. 1863ರ ಮಾರ್ಚ್ ತಿಂಗಳಲ್ಲಿ ಬಾಸ್ಟನ್ನಿನ ಹೆಸರಾಂತ ವೈದ್ಯ ಹೆನ್ರಿ ಬೌಡಿಚ್ ಅವರ ಮಗ, ಅಶ್ವದಳದ ಲೆಫ್ಟಿನೆಂಟ್ ನಥಾನಿಯಲ್, ಗಾಯಗೊಂಡು ಸಕಾಲದ ಸಹಾಯ ಸಿಗದೆ ತೀರಿಕೊಂಡನು. ಮಗನ ಶೋಕವನ್ನು ತಂದೆ ಒಂದು ಕಾರ್ಯವಾಗಿ ಪರಿವರ್ತಿಸಿಕೊಂಡರು. ಆಂಬ್ಯುಲೆನ್ಸ್ ಕಾನೂನಿಗಾಗಿ ಕಿರುಹೊತ್ತಗೆ ಬರೆದು, ಅಧಿಕಾರದಲ್ಲಿದ್ದವರನ್ನು ಬಿಡದೆ ಒತ್ತಾಯಿಸಿದರು. 1864ರ ಮಾರ್ಚ್ 11ರಂದು ಆ ಕಾನೂನು ಜಾರಿಗೆ ಬಂತು. ಗಿಬ್ಸನ್ನನ ಚಿತ್ರದಿಂದಲೇ ಈ ಸುಧಾರಣೆ ಆಯಿತೆಂದು ಹೇಳುವುದು ಸಲ್ಲದು. ಚಿತ್ರಗಳು ತಾವಾಗಿ ಗಾಡಿ ಹೂಡುವುದಿಲ್ಲ. ಆದರೆ ಅಂಥ ಅಂಗಳಗಳನ್ನು ಕಂಡವರು, ಅಂಥ ಅಂಗಳಗಳಲ್ಲಿ ಮಕ್ಕಳನ್ನು ಕಳೆದುಕೊಂಡವರು ಗಾಡಿ ಹೂಡಿಸಿದರು ಎಂಬುದು ದಿಟ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಇಂದು ಗೋಡೆಗೆ ಹಾಕುವವರನ್ನು ದೂರುವುದೇಕೆ, ಆಗಲೂ ಈ ಚಿತ್ರಗಳು ಮಾರಾಟದ ಸರಕೇ ಆಗಿರಲಿಲ್ಲವೇ ಎಂದು. ಆ ಮಾತು ನ್ಯಾಯವಾದುದು. ಗಿಬ್ಸನ್ ಆಗ ಮ್ಯಾಥ್ಯೂ ಬ್ರೇಡಿ ಎಂಬ ಪ್ರಸಿದ್ಧ ಛಾಯಾಚಿತ್ರೋದ್ಯಮಿಯ ಕಡೆಯವನು. ಆಗಿನ ಪತ್ರಿಕೆಗಳಿಗೆ ಛಾಯಾಚಿತ್ರವನ್ನು ನೇರವಾಗಿ ಅಚ್ಚು ಮಾಡುವ ವಿದ್ಯೆ ತಿಳಿದಿರಲಿಲ್ಲ. ಅದನ್ನು ನೋಡಿ ಮರದಚ್ಚು ಕೆತ್ತಿಸಬೇಕಾಗಿತ್ತು. ಮೂಲಚಿತ್ರ ಬೇಕೆಂದವರು ಕೊಳ್ಳಬೇಕಾಗಿತ್ತು. ಸ್ಯಾವೇಜ್ ಸ್ಟೇಷನ್ನಿನ ಚಿತ್ರವೂ ಎರಡು ಕಣ್ಣುಗಳಿಗೆ ಎರಡಾಗಿ ತೆಗೆದ ಜೋಡಿಚಿತ್ರ; ಉಪಕರಣದೊಳಗಿಟ್ಟು ನೋಡಿದರೆ ಆಳ ಅಗಲಗಳೊಡನೆ ಎದ್ದುನಿಲ್ಲುತ್ತದೆ. ಇಂಥವನ್ನು ಜನ ದಿವಾನಖಾನೆಗಳಲ್ಲಿ ಕುಳಿತು ಸಂಜೆಯ ಹೊತ್ತು ಕೈಯಿಂದ ಕೈಗೆ ದಾಟಿಸಿ ನೋಡುತ್ತಿದ್ದರು. 1862ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ತನ್ನ ಚಿತ್ರಶಾಲೆಯಲ್ಲಿ ಬ್ರೇಡಿ ಆಂಟೀಟಮ್ಮಿನ ಹೆಣಗಳ ಚಿತ್ರಗಳನ್ನೇ ಪ್ರದರ್ಶನಕ್ಕಿಟ್ಟಾಗ ನೋಡಲು ಜನ ನೆರೆದರು.

ಆದರೆ ಆ ನೋಟಕ್ಕೂ ನಮ್ಮ ನೋಟಕ್ಕೂ ನಡುವೆ ಒಂದು ವ್ಯತ್ಯಾಸವಿದೆ. ಅಂದು ನೋಡುತ್ತಿದ್ದವರಲ್ಲಿ ಎಷ್ಟೋ ಮಂದಿಯ ಮಗನೋ ಅಣ್ಣನೋ ಗಂಡನೋ ಸೈನ್ಯದಲ್ಲಿದ್ದರು. ಚಿತ್ರದೊಳಗಿನ ಮುಖ ತಮಗೆ ಗೊತ್ತಿರುವ ಮುಖವಾಗಿರಬಹುದೆಂಬ ಭಯ ಆ ನೋಟದಲ್ಲಿ ಸೇರಿತ್ತು. ಯುದ್ಧ ಮುಗಿದ ಕೂಡಲೇ ಆ ಭಯವೂ ಮುಗಿಯಿತು, ಕೊಳ್ಳುವ ಆಸೆಯೂ ಮುಗಿಯಿತು. ಯಾರಿಗೂ ಮತ್ತೆ ಅದನ್ನು ನೋಡುವ ಮನಸ್ಸಿರಲಿಲ್ಲ. ಸಾಲದಲ್ಲಿ ಮುಳುಗಿದ ಬ್ರೇಡಿಗೆ 1875ರಲ್ಲಿ ಕಾಂಗ್ರೆಸ್ಸು 25,000 ಡಾಲರು ಕೊಟ್ಟು ಅವನ ಸಂಗ್ರಹವನ್ನು ಸರ್ಕಾರಕ್ಕೆ ಪಡೆಯಿತು. ಗಾಜಿನ ಫಲಕಗಳ ಇನ್ನೊಂದು ದೊಡ್ಡ ಸಂಗ್ರಹ ಹಲವು ಕೈಗಳನ್ನು ದಾಟಿ 1943ರಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿತು. ನೋವು ಹಸಿಯಾಗಿದ್ದಾಗ ಮುಖ ತಿರುಗಿಸಿಕೊಂಡ ಚಿತ್ರಗಳು, ನೋವು ಆರಿದ ಮೇಲೆ ಅಲಂಕಾರಕ್ಕೆ ಯೋಗ್ಯವಾದುವು.

ಲೋಹದ ಮೇಲಿನ ಚಿತ್ರವೆಂಬುದೂ ಆ ಸೈನಿಕರಿಗೆ ಅಪರಿಚಿತವಲ್ಲ. ಛಾಯಾಚಿತ್ರಕಲೆ ಹುಟ್ಟಿದುದೇ ಲೋಹದ ಮೇಲೆ. 1839ರಲ್ಲಿ ಫ್ರಾನ್ಸಿನಲ್ಲಿ ಪ್ರಕಟವಾದ ಡಗೇರನ ವಿಧಾನದಲ್ಲಿ ಬೆಳ್ಳಿ ಲೇಪಿಸಿದ ತಾಮ್ರದ ಫಲಕವೇ ಚಿತ್ರದ ನೆಲೆ. ಅಂತರ್ಯುದ್ಧದ ಹೊತ್ತಿಗೆ ಕಪ್ಪು ಬಣ್ಣ ಬಳಿದ ತೆಳುವಾದ ಕಬ್ಬಿಣದ ತಗಡಿನ ಮೇಲೆ ಅಗ್ಗವಾಗಿ ಭಾವಚಿತ್ರ ತೆಗೆಯುವ ಪದ್ಧತಿ ಬಂದಿತ್ತು. ಗಾಜಿನಂತೆ ಅದು ಒಡೆಯುವುದಿಲ್ಲ. ಅಂಚೆಯಲ್ಲಿ ಕಳಿಸಬಹುದು, ಜೇಬಿನಲ್ಲಿ ಇಟ್ಟುಕೊಳ್ಳಬಹುದು. ಸಾವಿರಾರು ಸೈನಿಕರು ಶಿಬಿರದಲ್ಲಿ ಅಂಥ ಚಿತ್ರ ತೆಗೆಸಿಕೊಂಡು ಮನೆಗೆ ಕಳಿಸಿದರು. ಹೆಂಡತಿ ಮಕ್ಕಳ ಚಿತ್ರವನ್ನು ಎದೆಯ ಬಳಿ ಇಟ್ಟುಕೊಂಡು ಯುದ್ಧಕ್ಕೆ ನಡೆದರು. ಅಂದಿನ ತಗಡಿನ ಚಿತ್ರ ಅಂಗೈಯಷ್ಟು. ಹಿಡಿದವರಿಗೆ ಅದರೊಳಗಿನವರ ಹೆಸರು ಗೊತ್ತಿತ್ತು. ಇಂದಿನ ತಗಡಿನ ಚಿತ್ರ ಗೋಡೆಯಷ್ಟು. ಅದರೊಳಗಿನವರ ಹೆಸರು ನೋಡುವವರಿಗೆ ಗೊತ್ತಿಲ್ಲ.

ಹೆಸರಿನ ಪ್ರಶ್ನೆ ಮುಖ್ಯವಾದುದು. ಅದೇ 1862ರಲ್ಲಿ ಸೈನ್ಯದ ಮುಖ್ಯ ವೈದ್ಯಾಧಿಕಾರಿ ವಿಲಿಯಂ ಹ್ಯಾಮಂಡ್ ಸೇನಾ ವೈದ್ಯಕೀಯ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದನು. ಮುಂದೆ ವಾಷಿಂಗ್ಟನ್ನಿನ ಹೇರ್‌ವುಡ್ ಆಸ್ಪತ್ರೆಯಲ್ಲಿ ರೀಡ್ ಬಾಂಟಿಕೂ ಎಂಬ ಶಸ್ತ್ರವೈದ್ಯನು ತನ್ನ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಚಿತ್ರ ತೆಗೆದನು. ಕೆಲವು ಚಿತ್ರಗಳಲ್ಲಿ ರೋಗಿ ತನ್ನ ಹೆಸರು ಬರೆದ ಹಲಗೆಯನ್ನು ಹಿಡಿದಿದ್ದಾನೆ. ಕೆಲವಕ್ಕೆ ಗುಂಡು ದೇಹವನ್ನು ಹೊಕ್ಕು ಸಾಗಿದ ದಾರಿಯನ್ನು ಕೆಂಪು ಬಾಣದಿಂದ ಗುರುತಿಸಿದೆ. ಇವು ನೋಡಲು ಕಠೋರ. ಆದರೆ ಇವುಗಳಿಗೆ ಒಂದು ಕೆಲಸವಿತ್ತು. ಎಳೆಯ ವೈದ್ಯರು ಇವುಗಳಿಂದ ಕಲಿತರು. ಅಂಗ ಕಳೆದುಕೊಂಡವರ ಪಿಂಚಣಿಗೆ ಇವು ಸಾಕ್ಷಿಯಾದುವು. 1870ರಿಂದ 1888ರವರೆಗೆ ಹೊರಬಂದ ಆ ಯುದ್ಧದ ವೈದ್ಯಕೀಯ ಚರಿತ್ರೆಯ ಆರು ಬೃಹತ್ ಸಂಪುಟಗಳಿಗೆ ಇಂಥ ದಾಖಲೆಗಳೇ ಆಧಾರವಾದುವು. ಸತ್ತವರು 6,20,000 ಎಂಬುದು ಬಹುಕಾಲ ಒಪ್ಪಿಬಂದ ಲೆಕ್ಕ. ಈಚಿನ ಗಣನೆಗಳು ಅದಕ್ಕಿಂತ ಹೆಚ್ಚು ಹೇಳುತ್ತವೆ. ಅಂಥ ಯುದ್ಧದಲ್ಲಿ ಒಬ್ಬೊಬ್ಬನನ್ನೂ ಹೆಸರು ಹಿಡಿದು ದಾಖಲಿಸಿದ್ದು ಸಣ್ಣ ಕಾರ್ಯವಲ್ಲ.

ಕವಿ ವಾಲ್ಟ್ ವ್ಹಿಟ್ಮನ್ ಇದೇ ಕಾರ್ಯವನ್ನು ಬೇರೊಂದು ಬಗೆಯಲ್ಲಿ ಮಾಡಿದನು. 1862ರ ಡಿಸೆಂಬರಿನಲ್ಲಿ, ಗಾಯಗೊಂಡ ತಮ್ಮನನ್ನು ಹುಡುಕಿಕೊಂಡು ವರ್ಜೀನಿಯಾಕ್ಕೆ ಹೋದ ಕವಿ, ಮರಳಿ ಮನೆಗೆ ಹೋಗದೆ ವಾಷಿಂಗ್ಟನ್ನಿನ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಗಾಯಾಳುಗಳ ಬಳಿ ಕುಳಿತನು. ಹಣ್ಣು ಹಂಚಿದನು, ಅವರ ಪರವಾಗಿ ಮನೆಗೆ ಕಾಗದ ಬರೆದನು. ಅವನ ಪುಟ್ಟ ಟಿಪ್ಪಣಿ ಪುಸ್ತಕಗಳಲ್ಲಿ ಕವಿತೆಯ ಸಾಲುಗಳ ಜೊತೆಗೆ ರೋಗಿಯ ಹೆಸರು, ಅವನ ಹಾಸಿಗೆಯ ಸಂಖ್ಯೆ, ಅವನು ಬೇಡಿದ ವಸ್ತು ಇವೂ ಸೇರಿವೆ.

ನಮ್ಮ ನಾಡಿನವರಿಗೆ ಈ ಮಾತು ಬೇಗ ಮನಸ್ಸಿಗೆ ಹಿಡಿಯಬೇಕು. ಯುದ್ಧದಲ್ಲಿ ಬಿದ್ದವರ ಚಿತ್ರವನ್ನು ಊರ ಮುಂದೆ ನಿಲ್ಲಿಸುವುದು ಕನ್ನಡನಾಡಿನಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಸಂಪ್ರದಾಯ. ಶಾಸನವಿರುವ ವೀರಗಲ್ಲುಗಳಲ್ಲಿ ಚಿತ್ರದೊಡನೆ ಬರೆಹವೂ ಇರುತ್ತದೆ: ಯಾರ ಕಾಲ, ಯಾವ ಊರು, ಯಾವುದಕ್ಕಾಗಿ ಹೋರಾಡಿ ಯಾರು ಮಡಿದರು. ಹತ್ತನೆಯ ಶತಮಾನದ ಆತಕೂರಿನ ಕಲ್ಲಿನಲ್ಲಿ ಹಂದಿಯೊಡನೆ ಕಾದಾಡಿ ಸತ್ತ ನಾಯಿಯ ಶಿಲ್ಪವಿದೆ. ಆ ನಾಯಿಯ ಹೆಸರು ಕಾಳಿ ಎಂಬುದನ್ನು ಶಾಸನ ಇಂದಿಗೂ ಹೇಳುತ್ತದೆ. ಒಂದು ನಾಯಿಗೆ ಸಂದ ಈ ಗೌರವ ಸ್ಯಾವೇಜ್ ಸ್ಟೇಷನ್ನಿನ ಅಂಗಳದ ಮನುಷ್ಯರಿಗೆ ನಮ್ಮ ಗೋಡೆಗಳ ಮೇಲೆ ಸಲ್ಲಬೇಡವೇ?

ಹಾಗೆಂದು ಇಂಥ ಚಿತ್ರಗಳನ್ನು ತೂಗುಹಾಕಲೇಬಾರದೆಂದು ವಾದಿಸುವುದು ಸರಿಯಲ್ಲ. ಹೂವಿನ ಚಿತ್ರವನ್ನೇ ನೋಡುತ್ತ ಬಾಳಬೇಕೆಂಬ ಕಟ್ಟಳೆಯೇನೂ ಇಲ್ಲ. ಯುದ್ಧವೆಂದರೆ ಬಾವುಟ, ಕುದುರೆ, ಪದಕ ಎಂದು ತಿಳಿದ ಮನೆಗಳಲ್ಲಿ ಗಾಯಾಳುಗಳ ಅಂಗಳವೊಂದು ಕಣ್ಣೆದುರಿಗೆ ಇದ್ದರೆ ಒಳ್ಳೆಯದೇ. ಕೋರಿಕೆ ಇಷ್ಟೇ: ಚಿತ್ರ ಒಂಟಿಯಾಗಿ ಬರಬಾರದು. ಅದರ ಕೆಳಗೆ ಮೂರು ಸಾಲಿನ ಬರೆಹವಿರಲಿ. ಇವರು 1862ರ ಜೂನ್ 27ರ ಯುದ್ಧದಲ್ಲಿ ಗಾಯಗೊಂಡವರು. ಜೂನ್ 29ರ ರಾತ್ರಿ ಇವರನ್ನು ಬಿಟ್ಟು ಸೈನ್ಯ ಹೊರಟುಹೋಯಿತು. ಇವರೊಡನೆ ಕೆಲವು ವೈದ್ಯರು ಉಳಿದರು. ಇಷ್ಟು ಬರೆದರೆ ಸಾಕು. ಮನೆಗೆ ಬಂದ ಅತಿಥಿ ಅದನ್ನು ಓದಿ ಒಂದು ಪ್ರಶ್ನೆ ಕೇಳುತ್ತಾನೆ, ಮನೆಯ ಮಗು ಎರಡು ಪ್ರಶ್ನೆ ಕೇಳುತ್ತದೆ. ಅವಕ್ಕೆ ಉತ್ತರ ಹೇಳಬೇಕಾದವರು ಆ ಚಿತ್ರವನ್ನು ಕೊಂಡು ತಂದವರು.